‘ಧನ’ವು ‘ದನ’ವಾಗಿ ಕಂಡರೆ ತಪ್ಪು ಮಾನಿಟರಿನದೇ, ಸೆಟಿಂಗಿನದೇ?

ಓದುಗರ ಪ್ರಶ್ನೆ: ನಾನು ಧಾರವಾಡದಲ್ಲಿರುವ ನಿವೃತ್ತ ಕನ್ನಡ ಶಿಕ್ಷಕಿ, ವಯಸ್ಸು 61. ನಾಲ್ಕು ವರ್ಷಗಳಿಂದ ಮನೆಯಲ್ಲಿ ಕುಳಿತೇ ಮುದ್ರಣಾಲಯಗಳಿಗೆ ಕರಡು ತಿದ್ದಿಕೊಡುತ್ತಿದ್ದೇನೆ. 15.6 ಇಂಚಿನ ಹಳೆಯ ಲ್ಯಾಪ್‌ಟಾಪಿನಲ್ಲಿ ಅಕ್ಷರ ಚಿಕ್ಕದಾಗಿ ಕಾಣುತ್ತದೆಂದು ಮಗ 24 ಇಂಚಿನ ಮಾನಿಟರ್ ಕೊಡಿಸಿದ. ಅಕ್ಷರಗಳೇನೋ ದೊಡ್ಡದಾದವು, ಆದರೆ ಎಲ್ಲವೂ ಮಂಜು ಕವಿದಂತೆ ಕಾಣುತ್ತವೆ. ಅಂಚಿನಲ್ಲಿ ಕೆಂಪು, ನೀಲಿ ಛಾಯೆ ಇರುತ್ತದೆ. ಕಳೆದ ತಿಂಗಳು ಒಂದು ಸ್ಮರಣ ಸಂಚಿಕೆಯಲ್ಲಿ ‘ಧನಸಹಾಯ ಮಾಡಿದವರು’ ಎಂಬುದು ‘ದನಸಹಾಯ ಮಾಡಿದವರು’ ಎಂದೇ ಅಚ್ಚಾಗಿ ಹೋಯಿತು. ಮೂರು ಸಲ ಓದಿದರೂ ನನ್ನ ಕಣ್ಣಿಗೆ ಅದು ಬೀಳಲಿಲ್ಲ. ಅಂಗಡಿಯವರು ಗ್ರಾಫಿಕ್ಸ್ ಸಾಲದು, ಲ್ಯಾಪ್‌ಟಾಪನ್ನೇ ಬದಲಿಸಿ ಎನ್ನುತ್ತಾರೆ. ಪರಿಚಿತರೊಬ್ಬರ ಮಾತಿನಂತೆ ಮಾನಿಟರಿನ ಶಾರ್ಪ್‌ನೆಸ್, ಬ್ರೈಟ್‌ನೆಸ್ ಎರಡನ್ನೂ 100ಕ್ಕೆ ಏರಿಸಿದ್ದೇನೆ. ಇನ್ನೊಬ್ಬರು 75 ಹರ್ಟ್ಸ್ ಮಾಡಿ ಎಂದರು. ಹಾಗೆ ಮಾಡಿದಾಗ ಪರದೆ ಕಪ್ಪಾಗಿ ‘ಔಟ್ ಆಫ್ ರೇಂಜ್’ ಎಂದು ಬಂತು, ಗಾಬರಿಯಿಂದ ಪ್ಲಗ್ ಕಿತ್ತುಬಿಟ್ಟೆ. ಸಂಜೆಯ ಹೊತ್ತಿಗೆ ಕಣ್ಣಲ್ಲಿ ನೀರು ಬರುತ್ತದೆ. ಲ್ಯಾಪ್‌ಟಾಪಿನ ಮುಚ್ಚಳ ಅಲುಗಿದಾಗ ಅದರ ಪರದೆಯಲ್ಲಿ ಅಡ್ಡಗೆರೆಗಳೂ ಕಾಣುತ್ತವೆ. ಇದೆಲ್ಲ ಸೆಟಿಂಗಿನಿಂದ ಸರಿಹೋಗುವಂಥದ್ದೇ, ಅಥವಾ ಹೊಸದು ಕೊಳ್ಳಲೇಬೇಕೇ? ಮೇಜಿನ ಎರಡು ಫೋಟೊ ಕಳಿಸಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಒಂದೇ ತೊಂದರೆಯಂತೆ ಕಾಣುವ ಮೂರು ಬೇರೆ ಬೇರೆ ತೊಂದರೆಗಳಿವೆ. ಅಕ್ಷರ ಮಂಜಾಗಿರುವುದು ಒಂದು, ಕಣ್ಣು ದಣಿಯುವುದು ಇನ್ನೊಂದು, ಮುಚ್ಚಳ ಅಲುಗಿದಾಗ ಗೆರೆ ಬರುವುದು ಮತ್ತೊಂದು. ಮೊದಲನೆಯದು ಬಹುಮಟ್ಟಿಗೆ ಸೆಟಿಂಗಿನಿಂದಲೇ ಸರಿಹೋಗುತ್ತದೆ, ಎರಡನೆಯದು ಅರ್ಧ ಸರಿಹೋಗುತ್ತದೆ, ಮೂರನೆಯದಕ್ಕೂ ಸೆಟಿಂಗಿಗೂ ಸಂಬಂಧವೇ ಇಲ್ಲ. ಲ್ಯಾಪ್‌ಟಾಪ್ ಬದಲಿಸುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಗ್ರಾಫಿಕ್ಸ್ ಸಾಲದು ಎಂಬ ತೀರ್ಪು ನಿಜವೇ ಎಂಬುದನ್ನು ನೀವೇ ಐದು ನಿಮಿಷದಲ್ಲಿ ಪರೀಕ್ಷಿಸಬಹುದು. ಅಕ್ಷರಗಳು ಮಂಜಾಗಿ ಕಾಣುತ್ತಿರುವಾಗಲೇ ಕೀಲಿಮಣೆಯ ಪ್ರಿಂಟ್‌ಸ್ಕ್ರೀನ್ ಕೀಲಿಯಿಂದ ಪರದೆಯ ಚಿತ್ರ ತೆಗೆದುಕೊಂಡು, ಪೇಂಟ್ ತಂತ್ರಾಂಶದಲ್ಲಿ ಅಂಟಿಸಿ, ಉಳಿಸಿ, ಮಗನ ಫೋನಿಗೆ ಕಳಿಸಿ. ವಾಟ್ಸ್‌ಆ್ಯಪಿನಲ್ಲಾದರೆ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಬೇಕು, ಏಕೆಂದರೆ ಫೋಟೊ ಎಂದು ಕಳಿಸಿದ್ದನ್ನು ಅದು ಕುಗ್ಗಿಸಿ ತಾನೇ ಮಸುಕು ಮಾಡಿಬಿಡುತ್ತದೆ. ಫೋನಿನಲ್ಲಿ ಆ ಚಿತ್ರ ಸ್ವಚ್ಛವಾಗಿ ಕಂಡರೆ, ಕಂಪ್ಯೂಟರು ಅಕ್ಷರವನ್ನು ಸರಿಯಾಗಿಯೇ ಬರೆದಿದೆ, ಅದು ಕೆಟ್ಟಿರುವುದು ಕಂಪ್ಯೂಟರಿನಿಂದ ಹೊರಟ ಮೇಲೆ, ಅಂದರೆ ಕೇಬಲಿನಲ್ಲಿ ಇಲ್ಲವೇ ಮಾನಿಟರಿನಲ್ಲಿ, ಎಂದು ಅರ್ಥ. ಫೋನಿನಲ್ಲೂ ಮಂಜಾಗಿಯೇ ಕಂಡರೆ ದೋಷ ತಂತ್ರಾಂಶದ್ದು. ನಿಮ್ಮ ವಿಷಯದಲ್ಲಿ ಚಿತ್ರ ಸ್ವಚ್ಛವಾಗಿಯೇ ಇರುತ್ತದೆಂದು ನನ್ನ ಅಂದಾಜು. ಪಠ್ಯವನ್ನು ತೋರಿಸುವುದಕ್ಕೆ ಗ್ರಾಫಿಕ್ಸ್ ಶಕ್ತಿ ಏನೂ ಬೇಕಾಗುವುದಿಲ್ಲ. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿಗೂ ಅದು ಲೀಲಾಜಾಲವಾದ ಕೆಲಸ.

ಈ ಅಂದಾಜಿಗೆ ಕಾರಣ ನಿಮ್ಮ ಫೋಟೊಗಳಲ್ಲಿಯೇ ಇದೆ. ಮೊದಲ ಫೋಟೊದಲ್ಲಿ ಲ್ಯಾಪ್‌ಟಾಪು, ಮಾನಿಟರು ಎರಡರಲ್ಲೂ ಒಂದೇ ಪುಟ ಕಾಣುತ್ತಿದೆ. ಎರಡನೆಯದರಲ್ಲಿ ಮಾನಿಟರಿನ ಹಿಂಬದಿಗೆ ನೀಲಿ ಬಣ್ಣದ, ಎರಡು ಕಡೆ ತಿರುಪು ಇರುವ ದಪ್ಪ ಪ್ಲಗ್ ಸಿಕ್ಕಿಸಿದೆ. ಈ ಎರಡು ಸಂಗತಿಗಳೇ ನಿಮ್ಮ ‘ಧ’ವನ್ನು ನುಂಗಿರುವುದು.

ಎರಡೂ ಪರದೆಗಳಲ್ಲಿ ಒಂದೇ ಚಿತ್ರ ಬರುವ ವ್ಯವಸ್ಥೆಗೆ ವಿಂಡೋಸಿನಲ್ಲಿ ಡುಪ್ಲಿಕೇಟ್ ಎನ್ನುತ್ತಾರೆ. ಹೀಗಿರುವಾಗ ಎರಡೂ ಪರದೆಗಳಿಗೆ ಒಪ್ಪುವ ಒಂದೇ ರೆಸಲ್ಯೂಶನ್ನನ್ನು, ಅಂದರೆ ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಚುಕ್ಕೆ ಎಂಬ ಲೆಕ್ಕವನ್ನು, ವಿಂಡೋಸ್ ಆರಿಸಿಕೊಳ್ಳುತ್ತದೆ. ನಿಮ್ಮ ಕಾಲದ 15.6 ಇಂಚಿನ ಲ್ಯಾಪ್‌ಟಾಪುಗಳಲ್ಲಿ ಬಹುಪಾಲು 1366×768 ಚುಕ್ಕೆಗಳ ಪರದೆಗಳು. ಹೊಸ ಮಾನಿಟರು 1920×1080 ಚುಕ್ಕೆಗಳದ್ದು. ಚಿಕ್ಕದಕ್ಕೆ ಹೊಂದಿಸಿ ದೊಡ್ಡದಕ್ಕೂ 1366×768 ಚಿತ್ರವನ್ನೇ ಕಳಿಸಲಾಗುತ್ತಿದೆ. ಎಲ್‌ಸಿಡಿ ಮಾನಿಟರಿನ ಚುಕ್ಕೆಗಳು ಗಾಜಿನ ಮೇಲೆ ಕೊರೆದಿಟ್ಟಂತೆ ಖಾಯಮ್ಮಾಗಿರುತ್ತವೆ, ಹೆಚ್ಚು ಕಡಿಮೆ ಮಾಡಲು ಬರುವುದಿಲ್ಲ. ಹಾಗಾಗಿ ಬಂದ ಒಂದು ಚುಕ್ಕೆಯನ್ನು ಮಾನಿಟರು ತನ್ನ 1.4 ಚುಕ್ಕೆಗಳ ಮೇಲೆ ಹರಡಬೇಕಾಗುತ್ತದೆ. ಒಂದೂಕಾಲಾಗಲಿ ಒಂದೂವರೆಯಾಗಲಿ, ಅರೆಚುಕ್ಕೆ ಎಂಬುದೇ ಇಲ್ಲದ ಕಡೆ ಅದು ಮಾಡಬಹುದಾದದ್ದು ಒಂದೇ: ಅಕ್ಕಪಕ್ಕದ ಚುಕ್ಕೆಗಳಿಗೆ ಕಪ್ಪನ್ನು ಬೂದುಬಣ್ಣವಾಗಿ ತೆಳುಗೊಳಿಸಿ ಹಂಚುವುದು. ಆ ಬೂದುಬಣ್ಣವೇ ನಿಮಗೆ ಕಾಣುತ್ತಿರುವ ಮಂಜು.

ಇಂಗ್ಲಿಷಿಗಿಂತ ಕನ್ನಡಕ್ಕೆ ಇದರ ಹೊಡೆತ ಹೆಚ್ಚು. 12 ಪಾಯಿಂಟಿನ ಅಕ್ಷರಕ್ಕೆ ವಿಂಡೋಸ್ ಸಾಮಾನ್ಯ ಅಳತೆಯಲ್ಲಿ ಕೊಡುವ ಎತ್ತರ 16 ಚುಕ್ಕೆ. ಅದರೊಳಗೇ ಮೇಲಿನ ಗುಡಿಸು, ತಲೆಕಟ್ಟು, ಕೆಳಗಿನ ಒತ್ತಕ್ಷರ ಎಲ್ಲಕ್ಕೂ ಜಾಗ ಆಗಬೇಕು. ಮೂಲ ಅಕ್ಷರಕ್ಕೆ ಉಳಿಯುವುದು ಸುಮಾರು ಅರ್ಧ. ‘ದ’ಕ್ಕೂ ‘ಧ’ಕ್ಕೂ, ‘ಪ’ಕ್ಕೂ ‘ಫ’ಕ್ಕೂ, ‘ಡ’ಕ್ಕೂ ‘ಢ’ಕ್ಕೂ ಇರುವ ವ್ಯತ್ಯಾಸ, ನೀವು ತರಗತಿಯಲ್ಲಿ ‘ಹೊಟ್ಟೆ ಸೀಳಿ’ ಎಂದು ಹೇಳಿಕೊಟ್ಟಿರಬಹುದಾದ ಆ ಚಿಕ್ಕ ಗೀಟು, ಇಷ್ಟು ಸಣ್ಣ ಅಳತೆಯಲ್ಲಿ ಒಂದೆರಡು ಚುಕ್ಕೆ ಮಾತ್ರ. ನಿಮ್ಮ ಮಾನಿಟರಿನಲ್ಲಿ ಒಂದು ಚುಕ್ಕೆಯ ಅಗಲ ಸುಮಾರು 0.28 ಮಿಲಿಮೀಟರ್. ಅದು ಬೂದುಬಣ್ಣವಾಗಿ ಪಕ್ಕದ ಚುಕ್ಕೆಗೆ ಕರಗಿತೆಂದರೆ ‘ಧ’ ಇದ್ದ ಕಡೆಯೂ ಕಣ್ಣಿಗೆ ‘ದ’ ಕಾಣುತ್ತದೆ, ‘ದ’ ಇದ್ದ ಕಡೆ ಗೀಟು ಇರಬಹುದೆಂದು ಮನಸ್ಸು ತಾನೇ ಊಹಿಸಿಕೊಂಡು ಮುಂದೆ ಹೋಗುತ್ತದೆ. ಮೂರು ಸಲ ಓದಿದರೂ ತಪ್ಪು ಸಿಗದೆ ಹೋದದ್ದಕ್ಕೆ ನಿಮ್ಮ ಗಮನವನ್ನು ದೂರುವ ಅಗತ್ಯವಿಲ್ಲ.

ಅಂಚಿನ ಕೆಂಪು, ನೀಲಿ ಛಾಯೆಗೂ ಇದೇ ಮೂಲ. ಎಲ್‌ಸಿಡಿಯ ಪ್ರತಿಯೊಂದು ಚುಕ್ಕೆಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಕಿರುಪಟ್ಟಿಗಳಿಂದ ಆಗಿರುತ್ತದೆ. ಮೈಕ್ರೋಸಾಫ್ಟ್ 1998ರಲ್ಲಿ ಪ್ರಕಟಿಸಿದ ಕ್ಲಿಯರ್‌ಟೈಪ್ ಎಂಬ ವಿಧಾನವು ಈ ಕಿರುಪಟ್ಟಿಗಳನ್ನು ಬಿಡಿಬಿಡಿಯಾಗಿ ಬಳಸಿಕೊಂಡು ಅಕ್ಷರದ ಅಂಚನ್ನು ನಯಗೊಳಿಸುತ್ತದೆ. ಕಂಪ್ಯೂಟರಿನ ಚುಕ್ಕೆ ಮತ್ತು ಮಾನಿಟರಿನ ಚುಕ್ಕೆ ಒಂದಕ್ಕೊಂದು ಸರಿಯಾಗಿ ಕುಳಿತಾಗ ಮಾತ್ರ ಈ ಉಪಾಯ ಫಲಿಸುತ್ತದೆ. ಚಿತ್ರವನ್ನು ಹಿಗ್ಗಿಸಿದರೆ ಕಿರುಪಟ್ಟಿಗಳ ಲೆಕ್ಕ ತಪ್ಪಿ, ನಯವಾಗಬೇಕಾದ ಅಂಚು ಬಣ್ಣಬಣ್ಣವಾಗುತ್ತದೆ.

ಆದ್ದರಿಂದ ಮೊದಲು ಮಾಡಬೇಕಾದದ್ದು ಡುಪ್ಲಿಕೇಟನ್ನು ಬಿಡಿಸುವುದು. ವಿಂಡೋಸ್ ಕೀಲಿ ಮತ್ತು ಪಿ ಅಕ್ಷರದ ಕೀಲಿಯನ್ನು ಒಟ್ಟಿಗೆ ಒತ್ತಿದರೆ ನಾಲ್ಕು ಆಯ್ಕೆಗಳ ಪಟ್ಟಿ ಬರುತ್ತದೆ. ನೀವು ಲ್ಯಾಪ್‌ಟಾಪಿನ ಪರದೆಯನ್ನು ನೋಡುವುದೇ ಇಲ್ಲವಾದರೆ ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಆರಿಸಿಕೊಳ್ಳಿ. ಮೂಲಪ್ರತಿ ಒಂದರಲ್ಲಿ, ಕರಡು ಇನ್ನೊಂದರಲ್ಲಿ ಇರಲಿ ಎನ್ನುವುದಾದರೆ ‘ಎಕ್ಸ್‌ಟೆಂಡ್’ ಒಳ್ಳೆಯದು. ಕರಡು ತಿದ್ದುವವರಿಗೆ ನಾನು ಇದನ್ನೇ ಹೇಳುತ್ತೇನೆ, ಆದರೆ ಮೊದಲ ಒಂದೆರಡು ದಿನ ಮೌಸಿನ ಬಾಣ ಇನ್ನೊಂದು ಪರದೆಗೆ ಹೋಗಿ ಕಾಣೆಯಾಗುವ ಕಿರಿಕಿರಿ ಇರುತ್ತದೆ. ಬಳಿಕ ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ ಡಿಸ್‌ಪ್ಲೇ ಸೆಟಿಂಗ್ಸ್ ತೆರೆದು, ಮಾನಿಟರನ್ನು ಆರಿಸಿ, ರೆಸಲ್ಯೂಶನ್ ಪಟ್ಟಿಯಲ್ಲಿ ‘ರೆಕಮೆಂಡೆಡ್’ ಎಂಬ ಮಾತು ಇರುವುದನ್ನೇ ಇಡಿ. ಅದು 1920×1080 ಆಗಿರಬೇಕು.

ಆ ಸಂಖ್ಯೆ ಪಟ್ಟಿಯಲ್ಲಿ ಇಲ್ಲದಿದ್ದರೆ ಎರಡು ಕಾರಣಗಳಿರಬಹುದು. ಮಾನಿಟರು ತನ್ನ ಅಳತೆಗಳನ್ನು ಕೇಬಲಿನ ಮೂಲಕವೇ ಕಂಪ್ಯೂಟರಿಗೆ ತಿಳಿಸುತ್ತದೆ, ಒಂದು ರೀತಿಯ ಪರಿಚಯಪತ್ರವೆನ್ನಿ. ನಿಮ್ಮದರಂತೆ ನೀಲಿ ಪ್ಲಗ್ಗಿರುವ ಕೇಬಲಿಗೆ ವಿಜಿಎ ಎನ್ನುತ್ತಾರೆ; ಕೆಲವು ಅಗ್ಗದ ವಿಜಿಎ ಕೇಬಲುಗಳಲ್ಲಿ ಆ ಪರಿಚಯಪತ್ರ ಸಾಗುವ ಸೂಜಿಗಳೇ ಇರುವುದಿಲ್ಲ. ಆಗ ಕಂಪ್ಯೂಟರು ಎದುರಿಗಿರುವುದು ಯಾವುದೋ ಹಳೆಯ ಮಾನಿಟರೆಂದು ತಿಳಿದು ಕಡಿಮೆ ಅಳತೆಗಳನ್ನಷ್ಟೇ ತೋರಿಸುತ್ತದೆ. ಇನ್ನೊಂದು, ಡ್ರೈವರ್, ಅಂದರೆ ಗ್ರಾಫಿಕ್ಸ್ ಭಾಗವನ್ನು ವಿಂಡೋಸ್ ನಡೆಸಲು ಬೇಕಾದ ಕಿರುತಂತ್ರಾಂಶ, ಇಲ್ಲದಿರುವುದು. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಎಂಬುದರ ಕೆಳಗೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ನಿಮ್ಮ ಯಂತ್ರದ ನಿಜವಾದ ಡ್ರೈವರ್ ಕೂತಿಲ್ಲ ಎಂದು ತಿಳಿಯಿರಿ. ಅದನ್ನು ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದ, ನಿಮ್ಮ ಮಾದರಿಯ ಸಂಖ್ಯೆ ಕೊಟ್ಟು ಪಡೆಯಬೇಕು. ‘ನಿಮ್ಮ ಎಲ್ಲ ಡ್ರೈವರುಗಳನ್ನೂ ಉಚಿತವಾಗಿ ಸರಿಮಾಡುತ್ತೇವೆ’ ಎನ್ನುವ ತಂತ್ರಾಂಶಗಳ ಕಡೆ ಹೋಗಬೇಡಿ. ಅವು ತಂದುಹಾಕುವ ಕಸವನ್ನು ಗುಡಿಸುವುದರಲ್ಲಿ ನನ್ನ ಎಷ್ಟೋ ಮಧ್ಯಾಹ್ನಗಳು ಕಳೆದಿವೆ.

ಇನ್ನು ಆ ನೀಲಿ ಪ್ಲಗ್ಗಿನ ವಿಷಯ. ಅದು ವಿಜಿಎ, 1987ರಲ್ಲಿ ಐಬಿಎಂ ಯಂತ್ರಗಳೊಂದಿಗೆ ಬಂದ 15 ಸೂಜಿಗಳ ಜೋಡಣೆ, ಹಳೆಯ ಡಬ್ಬಿ ಮಾನಿಟರುಗಳಿಗಾಗಿ ಮಾಡಿದ್ದು. ಅದರಲ್ಲಿ ಚಿತ್ರವು ಅಂಕೆಗಳಾಗಿ ಹೋಗದೆ ಏರಿಳಿಯುವ ವಿದ್ಯುತ್ ಅಲೆಯಾಗಿ ಹೋಗುತ್ತದೆ. ಒಂದು ಚುಕ್ಕೆ ಎಲ್ಲಿ ಮುಗಿದು ಮುಂದಿನದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಮಾನಿಟರು ಅಂದಾಜು ಮಾಡಿಕೊಳ್ಳಬೇಕು. ಅಂದಾಜು ಕೂದಲೆಳೆಯಷ್ಟು ತಪ್ಪಿದರೂ ಪರದೆಯ ಕೆಲವು ಕಂಬಸಾಲುಗಳಲ್ಲಿ ಅಕ್ಷರ ಚೊಕ್ಕವಾಗಿ, ಕೆಲವು ಕಡೆ ಮಸುಕಾಗಿ ಕಾಣುತ್ತದೆ. ನಿಮ್ಮ ಲ್ಯಾಪ್‌ಟಾಪಿನ ಎಡಬದಿಯಲ್ಲಿ, ಚಿತ್ರವನ್ನು ಅಂಕೆಗಳಾಗಿಯೇ ಕಳಿಸುವ ಎಚ್‌ಡಿಎಂಐ ಕಿಂಡಿಯೂ ಇರುವುದು ಫೋಟೊದಲ್ಲಿ ಕಾಣುತ್ತಿದೆ. ಕೆಲವು ನೂರು ರೂಪಾಯಿಯ ಎಚ್‌ಡಿಎಂಐ ಕೇಬಲ್ ತಂದು ಅದನ್ನೇ ಬಳಸಿ. ಈ ಇಡೀ ಉತ್ತರದಲ್ಲಿ ಕೊಳ್ಳಿ ಎಂದು ನಾನು ಹೇಳುವ ವಸ್ತು ಇದೊಂದೇ. ಬಂಗಾರದ ಲೇಪನದ ದುಬಾರಿ ಕೇಬಲ್ ಬೇಡ. ಒಂದೂವರೆ ಮೀಟರಿನ ದೂರಕ್ಕೆ ಸಾಧಾರಣ ಕೇಬಲು ಕೊಡುವ ಚಿತ್ರಕ್ಕೂ ಅದು ಕೊಡುವ ಚಿತ್ರಕ್ಕೂ ಅಂತರವಿರುವುದಿಲ್ಲ.

ಕೇಬಲ್ ಬರುವವರೆಗೆ ವಿಜಿಎಯಲ್ಲೇ ನಡೆಸುವುದಾದರೆ, ರೆಸಲ್ಯೂಶನ್ ಸರಿಪಡಿಸಿದ ಮೇಲೆ ಅಕ್ಷರ ತುಂಬಿದ ಬಿಳಿ ಪುಟವೊಂದನ್ನು ಪರದೆ ತುಂಬ ತೆರೆದಿಟ್ಟುಕೊಂಡು ಮಾನಿಟರಿನ ಮೇಲಿರುವ ‘ಆಟೊ’ ಗುಂಡಿ ಒತ್ತಿ. ಕಪ್ಪು ಪರದೆಯ ಮೇಲೆ ಒತ್ತಿದರೆ ಅಂಚು ಎಲ್ಲಿದೆ ಎಂಬುದೇ ಮಾನಿಟರಿಗೆ ತಿಳಿಯದೆ ಚಿತ್ರ ಒಂದು ಪಕ್ಕಕ್ಕೆ ಸರಿದು ನಿಲ್ಲುತ್ತದೆ.

ಎಚ್‌ಡಿಎಂಐಗೆ ಬಂದಾಗ ಎರಡು ಹೊಸ ತೊಡಕುಗಳು ಎದುರಾಗಬಹುದು, ಗಾಬರಿಯಾಗಬೇಡಿ. ಚಿತ್ರದ ನಾಲ್ಕೂ ಅಂಚು ಸ್ವಲ್ಪ ಕತ್ತರಿಸಿದಂತೆ ಕಂಡರೆ, ಮಾನಿಟರು ತನ್ನನ್ನು ಟಿವಿ ಎಂದುಕೊಂಡಿದೆ. ಅದರ ಮೆನುವಿನಲ್ಲಿ ಓವರ್‌ಸ್ಕ್ಯಾನ್ ಎಂಬುದನ್ನು ಆಫ್ ಮಾಡಬೇಕು, ಇಲ್ಲವೇ ಇನ್‌ಪುಟ್ಟನ್ನು ಪಿಸಿ ಎಂದು ಗುರುತಿಸಬೇಕು. ಕಪ್ಪು ಬಣ್ಣ ಬೂದಿಯಂತೆ ಕಂಡರೆ, ಬಣ್ಣದ ವ್ಯಾಪ್ತಿ 0–255ರ ಬದಲು ಟಿವಿಗಳ 16–235ಕ್ಕೆ ಕುಗ್ಗಿದೆ. ಅದನ್ನು ಗ್ರಾಫಿಕ್ಸ್ ಕಂಟ್ರೋಲ್ ಪ್ಯಾನೆಲಿನಲ್ಲಿ ‘ಫುಲ್ ರೇಂಜ್’ಗೆ ತಿರುಗಿಸಿದರಾಯಿತು.

ರೆಸಲ್ಯೂಶನ್ ಸರಿಯಾದ ಕೂಡಲೇ ನಿಮಗೆ ಒಂದು ನಿರಾಶೆ ಕಾದಿದೆ. ಅಕ್ಷರಗಳು ಚೊಕ್ಕವಾಗುತ್ತವೆ, ಆದರೆ ಈಗಿರುವುದಕ್ಕಿಂತ ಚಿಕ್ಕದಾಗುತ್ತವೆ. ಬಹಳ ಜನ ಇಲ್ಲಿಯೇ ಮನಸ್ಸು ಸೋತು ಮತ್ತೆ 1366×768ಕ್ಕೆ ಮರಳುತ್ತಾರೆ. ಅಕ್ಷರವನ್ನು ದೊಡ್ಡದು ಮಾಡಬೇಕಾದದ್ದು ರೆಸಲ್ಯೂಶನ್ ಇಳಿಸಿ ಅಲ್ಲ, ಡಿಸ್‌ಪ್ಲೇ ಸೆಟಿಂಗ್ಸಿನ ಅದೇ ಪುಟದಲ್ಲಿ ಮೇಲಿರುವ ‘ಸ್ಕೇಲ್’ ಎಂಬುದನ್ನು 125 ಪ್ರತಿಶತಕ್ಕೆ ಏರಿಸಿ. ಹೀಗೆ ಮಾಡಿದಾಗ ವಿಂಡೋಸ್ ಅದೇ ‘ಧ’ವನ್ನು ಹೆಚ್ಚು ಚುಕ್ಕೆಗಳಲ್ಲಿ ಹೊಸದಾಗಿ ಬರೆಯುತ್ತದೆ, 16 ಚುಕ್ಕೆಯ ಅಕ್ಷರ 20 ಚುಕ್ಕೆಯದಾಗುತ್ತದೆ, ಹೊಟ್ಟೆ ಸೀಳಿದ ಗೀಟಿಗೂ ಅದರ ಪಾಲು ಸಿಗುತ್ತದೆ. ಬದಲಿಸಿದ ಮೇಲೆ ಒಮ್ಮೆ ಸೈನ್ ಔಟ್ ಮಾಡಿ ಮತ್ತೆ ಒಳಬರಬೇಕು, ಇಲ್ಲವಾದರೆ ಕೆಲವು ತಂತ್ರಾಂಶಗಳು ಹಳೆಯ ಅಳತೆಯಲ್ಲೇ ಉಳಿಯುತ್ತವೆ.

ಇಲ್ಲೊಂದು ಅಪಾಯವಿದೆ, ಅದು ನಿಮ್ಮ ಕಸುಬಿನವರನ್ನೇ ಹೆಚ್ಚು ಕಾಡುವಂಥದ್ದು. ಕನ್ನಡದ ಅನೇಕ ಮುದ್ರಣಾಲಯಗಳು ಇಂದಿಗೂ ಸುಮಾರು ಇಪ್ಪತ್ತೈದು ವರ್ಷ ಹಳೆಯ ಪುಟವಿನ್ಯಾಸ ತಂತ್ರಾಂಶಗಳನ್ನು ಬಿಟ್ಟಿಲ್ಲ, ಏಕೆಂದರೆ ಅವರ ಹಳೆಯ ಫಾಂಟುಗಳು, ಹಳೆಯ ಕಡತಗಳು ಅದರಲ್ಲೇ ಇವೆ. ಸ್ಕೇಲ್ ಎಂಬ ಸೌಲಭ್ಯವನ್ನು ಈ ತಂತ್ರಾಂಶಗಳು ಕಂಡೇ ಇಲ್ಲ. ಆದ್ದರಿಂದ ವಿಂಡೋಸ್ ಅವುಗಳ ಕಿಟಕಿಯನ್ನು 100 ಪ್ರತಿಶತದಲ್ಲಿ ಬರೆಸಿ, ಫೋಟೊವನ್ನು ಎಳೆದಂತೆ 125ಕ್ಕೆ ಹಿಗ್ಗಿಸುತ್ತದೆ. ಮಿಕ್ಕೆಲ್ಲ ಚೊಕ್ಕವಾಗಿದ್ದು ಅದೊಂದು ಕಿಟಕಿ ಮಾತ್ರ ಮಂಜಾಗಿದ್ದರೆ ಕಾರಣ ಇದೇ. ಆ ತಂತ್ರಾಂಶದ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ‘ಚೇಂಜ್ ಹೈ ಡಿಪಿಐ ಸೆಟಿಂಗ್ಸ್’ ಎಂದು ಹೋಗಿ, ಕೆಳಗಿನ ಓವರ್‌ರೈಡ್ ಚೌಕಕ್ಕೆ ಗುರುತು ಹಾಕಿ. ಅಲ್ಲಿ ‘ಅಪ್ಲಿಕೇಶನ್’ ಎಂದು ಆರಿಸಿದರೆ ಅಕ್ಷರ ಚೊಕ್ಕವಾಗುತ್ತದೆ, ಆದರೆ ಮೆನು ಮತ್ತು ಗುಂಡಿಗಳು ಚಿಕ್ಕದಾಗಿಯೇ ಉಳಿಯುತ್ತವೆ. ‘ಸಿಸ್ಟಮ್ ಎನ್‌ಹ್ಯಾನ್ಸ್ಡ್’ ಎಂದರೆ ಕೆಲವದರಲ್ಲಿ ಎರಡೂ ಸರಿಹೋಗುತ್ತವೆ, ಕೆಲವದರಲ್ಲಿ ಸಂವಾದ ಪೆಟ್ಟಿಗೆಗಳ ಸಾಲುಗಳು ಒಂದರ ಮೇಲೊಂದು ಬೀಳುತ್ತವೆ. ನಾನು ಪತ್ರ ಬರೆದವರಿಗೆಲ್ಲ ಹೇಳುವುದು ಮೊದಲನೆಯದನ್ನು ಇಟ್ಟುಕೊಂಡು, ಪುಟವನ್ನು ಆ ತಂತ್ರಾಂಶದೊಳಗೇ 150 ಅಥವಾ 200ಕ್ಕೆ ಜೂಮ್ ಮಾಡಿ ಓದಿ ಎಂದು. ಕರಡು ತಿದ್ದುವಾಗ ನಿಮಗೆ ಬೇಕಾದದ್ದು ಮೆನುವಲ್ಲ, ಪುಟ. ಪಿಡಿಎಫ್ ಕಳಿಸಿಕೊಡುವಂತೆ ಮುದ್ರಣಾಲಯದವರನ್ನು ಒಪ್ಪಿಸಲು ಸಾಧ್ಯವಾದರೆ ಈ ಗೋಜೇ ಇರುವುದಿಲ್ಲ.

ಮಾನಿಟರಿನ ಶಾರ್ಪ್‌ನೆಸ್ಸನ್ನು ದಯವಿಟ್ಟು ಇಳಿಸಿ. ಆ ಹೆಸರನ್ನು ನಂಬಿ ಏರಿಸದವರಿಲ್ಲ, ಆದರೆ ಅದು ಹೊಸ ವಿವರವನ್ನೇನೂ ತರುವುದಿಲ್ಲ. ಅಕ್ಷರದ ಸುತ್ತ ಬಿಳಿ ಅಂಚು ಕಟ್ಟಿ ಚೊಕ್ಕವಾಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಒತ್ತಕ್ಷರಗಳ ನಡುವಿನ ಇಕ್ಕಟ್ಟಿನಲ್ಲಿ ಆ ಬಿಳಿ ಅಂಚುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ‘ರಾಷ್ಟ್ರ’, ‘ಲಕ್ಷ್ಮೀ’, ‘ಸ್ವಾತಂತ್ರ್ಯ’ ಎಂದು ಬರೆದಿಟ್ಟುಕೊಂಡು, ಬಿಳಿ ಅಂಚು ಮಾಯವಾಗುವವರೆಗೆ ಇಳಿಸುತ್ತ ಬನ್ನಿ. ಏನೇನು ಬದಲಿಸಿದ್ದೀರೆಂದು ನೆನಪಿಲ್ಲದಿದ್ದರೆ ಮಾನಿಟರಿನ ಮೆನುವಿನಲ್ಲೇ ಇರುವ ‘ಫ್ಯಾಕ್ಟರಿ ರೀಸೆಟ್’ ಒತ್ತಿದರೆ ಎಲ್ಲ ಮೊದಲಿನಂತಾಗುತ್ತದೆ. ನಿಮ್ಮ ಕಡತಗಳಿಗೆ ಅದರಿಂದ ಏನೂ ಆಗುವುದಿಲ್ಲ.

75 ಹರ್ಟ್ಸ್ ಸಲಹೆ ಕೊಟ್ಟವರದು ಸುಳ್ಳಲ್ಲ, ಹಳೆಯದು. ಡಬ್ಬಿ ಮಾನಿಟರುಗಳಲ್ಲಿ ಪರದೆಯ ಮೇಲಿನ ಬೆಳಕನ್ನು ಸೆಕೆಂಡಿಗೆ ಇಷ್ಟು ಸಲ ಎಂದು ಮತ್ತೆ ಮತ್ತೆ ಹೊತ್ತಿಸಬೇಕಿತ್ತು, 60 ಸಲವೆಂದರೆ ಮಿಣುಕು ಕಣ್ಣಿಗೆ ತಿಳಿಯುತ್ತಿತ್ತು, 75 ಅಥವಾ 85ಕ್ಕೆ ಏರಿಸಿದರೆ ನಿಲ್ಲುತ್ತಿತ್ತು. ಎಲ್‌ಸಿಡಿಯಲ್ಲಿ ಹಿಂಬದಿಯ ದೀಪ ಬೇರೆ, ಚಿತ್ರ ಬೇರೆ. ನಿಂತ ಪುಟವನ್ನು ಓದುವವರಿಗೆ 60 ಹರ್ಟ್ಸ್ ಧಾರಾಳ. ನೀವು ಪ್ಲಗ್ ಕಿತ್ತದ್ದರಿಂದ ಮಾನಿಟರಿಗೆ ಏನೂ ಆಗಿಲ್ಲ. ‘ಔಟ್ ಆಫ್ ರೇಂಜ್’ ಎಂದರೆ ಈ ಸಂಜ್ಞೆ ನನಗೆ ತಿಳಿಯುವುದಿಲ್ಲ ಎಂದು ಅದು ಹೇಳಿದ್ದಷ್ಟೆ. ಮುಂದೆ ಎಂದಾದರೂ ಹೀಗಾದರೆ ಯಾವ ಕೀಲಿಯನ್ನೂ ಮುಟ್ಟದೆ 15 ಸೆಕೆಂಡು ಸುಮ್ಮನೆ ಕುಳಿತಿರಿ. ‘ಈ ಬದಲಾವಣೆ ಇರಲಿ’ ಎಂದು ನೀವು ಒಪ್ಪಿಗೆ ಕೊಡದಿದ್ದರೆ ವಿಂಡೋಸ್ ತಾನಾಗಿಯೇ ಹಳೆಯದಕ್ಕೆ ಮರಳುತ್ತದೆ.

ಕಣ್ಣಿನ ವಿಚಾರದಲ್ಲಿ ನಾನು ವೈದ್ಯನಲ್ಲ, ಪರದೆಗೆ ಸಂಬಂಧಿಸಿದಷ್ಟನ್ನು ಹೇಳಬಲ್ಲೆ. 100ಕ್ಕೆ ಏರಿಸಿದ ಬ್ರೈಟ್‌ನೆಸ್ ಮನೆಯ ಕೋಣೆಗೆ ಅತಿಯಾಯಿತು. ಕರಡಿನ ಬಿಳಿ ಹಾಳೆಯೊಂದನ್ನು ಮಾನಿಟರಿನ ಪಕ್ಕಕ್ಕೆ ಹಿಡಿದು, ಪರದೆಯ ಬಿಳಿ ಪುಟ ಆ ಹಾಳೆಯಷ್ಟೇ ಬೆಳ್ಳಗೆ ಕಾಣುವವರೆಗೆ ಇಳಿಸಿ. ಹಗಲಿಗೂ ರಾತ್ರಿಗೂ ಈ ಅಳತೆ ಬೇರೆಯಾಗುತ್ತದೆ. ನೀಲಿ ಬೆಳಕು ತಡೆಯುವ ಕನ್ನಡಕದ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಅಮೆರಿಕದ ನೇತ್ರತಜ್ಞರ ಅಕಾಡೆಮಿ ಕಂಪ್ಯೂಟರ್ ಬಳಕೆಗಾಗಿ ಅಂಥ ಕನ್ನಡಕವನ್ನು ಶಿಫಾರಸು ಮಾಡುವುದಿಲ್ಲ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ಸಮೀಕ್ಷೆಯೂ ಕಣ್ಣಿನ ದಣಿವಿಗೆ ಅದರಿಂದ ಅಲ್ಪಾವಧಿಯಲ್ಲಿ ಪ್ರಯೋಜನವಾಗುವ ಸಂಭವ ಕಡಿಮೆ ಎಂದೇ ಹೇಳಿದೆ. ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಕಣ್ಣು ಒಣಗಿ, ಅದಕ್ಕೆ ಪ್ರತಿಯಾಗಿ ನೀರು ಸುರಿಯುತ್ತದೆ. ವಿಂಡೋಸಿನ ನೈಟ್ ಲೈಟ್ ಹಚ್ಚಿ ಸಂಜೆ ಪರದೆಯನ್ನು ಹಳದಿಗೆ ತಿರುಗಿಸುವುದು ಹಿತವೆನಿಸಿದರೆ ಮಾಡಿ, ಹಾನಿಯಿಲ್ಲ. ಮುಖಪುಟದ ಬಣ್ಣ ನೋಡುವಾಗ ಮಾತ್ರ ಆರಿಸಬೇಕು. ಇನ್ನೊಂದು ಸಂಗತಿ: ಓದುವ ಕನ್ನಡಕದ ನಂಬರನ್ನು ಸಾಮಾನ್ಯವಾಗಿ ಕೈಯಲ್ಲಿ ಹಿಡಿದ ಪುಸ್ತಕದ ದೂರಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರಿಗೆ ಕೊಡುತ್ತಾರೆ. ನಿಮ್ಮ ಮಾನಿಟರು ಫೋಟೊದಲ್ಲಿ ಅದಕ್ಕಿಂತ ಬಹಳ ಹಿಂದಿದೆ. ಕುರ್ಚಿಯಿಂದ ಮಾನಿಟರಿನವರೆಗೆ ಟೇಪು ಹಿಡಿದು ಅಳೆದು, ಆ ಅಳತೆಯನ್ನು ಕಣ್ಣಿನ ವೈದ್ಯರಿಗೆ ಹೇಳಿ ನಂಬರ್ ಕೇಳಿ. ಸೆಟಿಂಗೆಲ್ಲ ಸರಿಪಡಿಸಿದ ಮೇಲೂ ಮಂಜು ಉಳಿಯಿತು ಎಂದವರಲ್ಲಿ ಕೆಲವರ ಮಂಜು ಕನ್ನಡಕದ್ದೇ ಆಗಿದ್ದುದನ್ನು ಕಂಡಿದ್ದೇನೆ.

ಉಳಿದದ್ದು ಮುಚ್ಚಳದ ಗೆರೆಗಳು. ಮುಚ್ಚಳ ಅಲುಗಿದಾಗಲೇ ಬರುತ್ತವೆ ಎಂದು ನೀವು ಗಮನಿಸಿರುವುದರಿಂದ ಅರ್ಧ ಕೆಲಸ ನೀವೇ ಮುಗಿಸಿದ್ದೀರಿ. ಲ್ಯಾಪ್‌ಟಾಪಿನ ಪರದೆಗೆ ಹೋಗುವ ತೆಳುವಾದ ಕೇಬಲು ಕೀಲಿನ ಮೂಲಕ ಹಾದುಹೋಗುತ್ತದೆ. ವರ್ಷಗಟ್ಟಲೆ ಮಡಚಿ ಬಿಚ್ಚಿ ಅದು ಸವೆಯುತ್ತದೆ, ಇಲ್ಲವೇ ಜೋಡಣೆ ಸಡಿಲವಾಗುತ್ತದೆ. ಖಚಿತ ಮಾಡಿಕೊಳ್ಳಬೇಕೆಂದರೆ ಯಂತ್ರ ಹಚ್ಚಿದ ಕೂಡಲೇ, ಬಹುತೇಕ ಎಫ್2 ಕೀಲಿಯಿಂದ ಬರುವ ಬಯಾಸ್ ಪುಟಕ್ಕೆ ಹೋಗಿ ಮುಚ್ಚಳವನ್ನು ಮೆಲ್ಲಗೆ ಹಿಂದೆ ಮುಂದೆ ಮಾಡಿ. ವಿಂಡೋಸ್ ಇನ್ನೂ ಶುರುವಾಗದ ಆ ಪುಟದಲ್ಲೂ ಗೆರೆ ಬಂದರೆ ಯಾವ ಸೆಟಿಂಗೂ, ಯಾವ ಡ್ರೈವರೂ, ವಿಂಡೋಸನ್ನು ಅಳಿಸಿ ಮತ್ತೆ ಹಾಕುವ ಸಾಹಸವೂ ಅದನ್ನು ಸರಿಮಾಡಲಾರದು. ರಿಪೇರಿಗೆ ಕೊಟ್ಟಾಗ ಮೊದಲು ಕೇಬಲನ್ನು ಪರೀಕ್ಷಿಸಲು ಹೇಳಿ, ಪರದೆಯನ್ನೇ ಬದಲಿಸಬೇಕು ಎಂಬ ಮಾತಿಗೆ ಕೂಡಲೇ ಒಪ್ಪಬೇಡಿ. ನೀವು ಮಾನಿಟರಿನಲ್ಲೇ ಕೆಲಸ ಮಾಡುವವರಾದ್ದರಿಂದ ರಿಪೇರಿಯನ್ನು ಮುಂದೂಡಲೂಬಹುದು: ಪವರ್ ಸೆಟಿಂಗಿನಲ್ಲಿ ಮುಚ್ಚಳ ಮುಚ್ಚಿದಾಗ ಏನೂ ಮಾಡಬೇಡ ಎಂಬ ಆಯ್ಕೆ ಇಟ್ಟು, ಮುಚ್ಚಳವನ್ನು ಅಲುಗಿಸದೆ ಪಕ್ಕಕ್ಕಿಟ್ಟು, ಬೇರೆ ಕೀಲಿಮಣೆಯಿಂದ ಕೆಲಸ ನಡೆಸಬಹುದು. ಹಾಗೆ ಮಾಡುವಾಗ ಗಾಳಿ ಹೊರಬರುವ ಕಿಂಡಿಗೆ ಬಟ್ಟೆಯಾಗಲಿ ಕರಡಿನ ಕಟ್ಟಾಗಲಿ ಅಡ್ಡ ಬಾರದಂತೆ ನೋಡಿಕೊಳ್ಳಿ, ಮತ್ತು ಅದನ್ನು ಎಂದಾದರೂ ಬಿಚ್ಚಲು ಕೊಡುವ ಮೊದಲು ನಿಮ್ಮ ಕಡತಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳಿ.